ಎರಡು ಬಟ್ಟಲು ಗಂಜಿ

ಭವ್ಯಶ್ರೀ ಬೇಯಿಸಿದ್ದನ್ನು ತಿನ್ನುವುದು ಬಿಟ್ಟ ದಿನ ಅವಳ ಒಲೆಯ ಕಿಚ್ಚು ನನ್ನ ಹೊಟ್ಟೆಗೆ ವರ್ಗವಾಯಿತು.

ನಾವಿಬ್ಬರೂ ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುವವರು. ನಾನು ಕನ್ನಡ, ಅವಳು ಲೆಕ್ಕಶಾಸ್ತ್ರ. ನಾನು ಬಂಟ್ವಾಳದಿಂದ ಬಸ್ಸು ಹತ್ತುತ್ತೇನೆ, ಅವಳು ಬೆಳ್ತಂಗಡಿಯಿಂದ. ಏಳು ವರ್ಷಗಳಿಂದ ಮಧ್ಯಾಹ್ನ ಒಂದು ಗಂಟೆಗೆ ಸ್ಟಾಫ್ ರೂಮಿನ ಕಿಟಕಿ ಬದಿಯ ಮೇಜಿನಲ್ಲಿ ನಮ್ಮ ಎರಡು ಬುತ್ತಿಗಳು ಎದುರೆದುರು ತೆರೆದುಕೊಳ್ಳುತ್ತಿದ್ದವು. ನನ್ನ ಪಲ್ಯ ಅವಳ ಅನ್ನಕ್ಕೆ, ಅವಳ ಚಟ್ನಿ ನನ್ನ ಅನ್ನಕ್ಕೆ. ಆ ಅರ್ಧ ಗಂಟೆಯಲ್ಲಿ ನಾನು ಬೆಳಗಿನಿಂದ ಸಂಗ್ರಹಿಸಿದ ಸ್ವರಗಳನ್ನೆಲ್ಲ ಅವಳ ಮುಂದೆ ಬಿಚ್ಚುತ್ತಿದ್ದೆ. ಬಸ್ಸಿನ ಕಂಡಕ್ಟರು ಸಿದ್ಧಕಟ್ಟೆ ಬಂದಾಗ ಮೂಗಿನಿಂದ ಕೂಗುವುದು, ಪ್ರಾಂಶುಪಾಲರು ‘ಶಿಸ್ತು’ ಎಂಬ ಪದವನ್ನು ಸೀನುವ ಹಾಗೆ ಹೇಳುವುದು, ಇತಿಹಾಸದ ಶಂಭು ಸರ್ ಫೋನಿನಲ್ಲಿ ಹೆಂಡತಿಯೊಡನೆ ಮಾತಾಡುವಾಗ ಮಾತ್ರ ಸಂಧಾನಕ್ಕೆ ಬಂದ ರಾಯಭಾರಿಯಾಗುವುದು. ಭವ್ಯಶ್ರೀಗೆ ನಗು ಬಂದರೆ ತುತ್ತು ನೆತ್ತಿಗೇರುತ್ತಿತ್ತು. ಅವಳು ಕೆಮ್ಮುತ್ತಿದ್ದಳು, ನಾನು ಬೆನ್ನು ತಟ್ಟುತ್ತಿದ್ದೆ. ನನ್ನ ಇಡೀ ದಿನ ಆ ಕೆಮ್ಮಿಗಾಗಿ ನಡೆಯುತ್ತಿತ್ತು ಎಂದರೆ ತಪ್ಪಾಗಲಾರದು.

ಅವಳಿಗೆ ಹದಿನೈದು ವರ್ಷಗಳ ಅರೆತಲೆನೋವು. ಮಾಡದ ಮದ್ದಿಲ್ಲ. ಕೊನೆಗೆ ಅವಳ ನಾದಿನಿ ಎಲ್ಲಿಂದಲೋ ಒಂದು ಪಟ್ಟಿ ತಂದುಕೊಟ್ಟಳು. ನಲವತ್ತೆಂಟು ದಿನ ಬೆಂಕಿ ಮುಟ್ಟಿದ ಯಾವುದನ್ನೂ ತಿನ್ನಬಾರದು. ಹಣ್ಣು, ಸೊಪ್ಪು, ಮೊಳಕೆಕಾಳು, ಎಲ್ಲದಕ್ಕಿಂತ ಹೆಚ್ಚಾಗಿ ಹಸಿ ತೆಂಗು.

“ಹಸಿ ತಿಂದರೆ ಹಸಿವು ಹೋಗ್ತದಾ?” ಎಂದೆ.

“ನೋಡುವ ಮಾರಾಯ್ತಿ. ತಲೆನೋವು ಹೋದರೆ ಸಾಕು” ಎಂದಳು. ಎಂದಿನ ಹಾಗೆ ಪದದ ಆಟಕ್ಕೆ ನಗಲಿಲ್ಲ. ಮೊದಲ ಸೂಚನೆ ಅದು. ನನಗೆ ಆಗ ಹೊಳೆಯಲಿಲ್ಲ.

ಮೊದಲ ವಾರ ಅವಳ ಡಬ್ಬಿಯಲ್ಲಿ ಮೊಳಕೆ ಬಂದ ಹೆಸರುಕಾಳು, ಮುಳ್ಳುಸೌತೆ, ಮೇಲೆ ಅರ್ಧ ಕಾಯಿಯ ತುರಿ. ಒಂದು ದಿನ ಕಾಯಿಹಾಲಿನಲ್ಲಿ ಖರ್ಜೂರ ಕಿವುಚಿ ತಂದಳು. ಇನ್ನೊಂದು ದಿನ ಮೊಳಕೆ ಬಂದ ತೆಂಗಿನಕಾಯಿಯ ಒಳಗೆ ಸ್ಪಂಜಿನ ಹಾಗೆ ಇರುತ್ತದಲ್ಲ, ಆ ಬಿಳಿ ಹೂವನ್ನು ಹೋಳು ಮಾಡಿ ತಂದಳು. ನನ್ನ ಪಲ್ಯ ನನ್ನಲ್ಲೇ ಉಳಿಯತೊಡಗಿತು. ಹಸಿ ತಿನ್ನುವವರು ಬಹಳ ಹೊತ್ತು ಜಗಿಯಬೇಕಂತೆ, ಮಾತಾಡಬಾರದಂತೆ, ನಗಲೇಬಾರದಂತೆ. ನಾನು ಪ್ರಾಂಶುಪಾಲರ ಸ್ವರ ತೆಗೆದರೆ ಅವಳು ಕೈಸನ್ನೆಯಲ್ಲೇ ‘ಆಮೇಲೆ’ ಎನ್ನುತ್ತಿದ್ದಳು. ಅವಳ ಪಥ್ಯ ನನಗೆ ಅಪಥ್ಯವಾಗುತ್ತ ಬಂತು.

ಆದರೂ ನಾನು ಅವಳ ಪಕ್ಷ ಬಿಡಲಿಲ್ಲ. ಪಟ್ಟಿಯಲ್ಲಿ ಒಂದು ತೊಡಕಿತ್ತು. ದಿನಕ್ಕೊಂದು ‘ಬೊಂಡವೂ ಅಲ್ಲದ, ಬಲಿತ ಕಾಯಿಯೂ ಅಲ್ಲದ ತೆಂಗು’ ಬೇಕು ಎಂದಿತ್ತು. ಬೊಂಡ ಅಂದರೆ ನಮ್ಮಲ್ಲಿ ಎಳನೀರು. ಘಟ್ಟದ ಮೇಲಿನಿಂದ ಬಂದ ನಮ್ಮ ಪ್ರಾಂಶುಪಾಲರು ಅದನ್ನು ಕೇಳಿ, “ಬೆಂಕಿ ಮುಟ್ಟಿದ್ದು ತಿನ್ನಲ್ಲ ಅಂತೀರಿ, ಮತ್ತೆ ಬೋಂಡ ತಿನ್ನಬಹುದಾ ಮೇಡಂ? ಎಣ್ಣೆಯಲ್ಲಿ ಕರಿದಿದ್ದಲ್ವಾ?” ಎಂದು ಕೇಳಿದ್ದರು. ನಾನು ಅದನ್ನು ಒಂದು ವಾರ ಅವರದ್ದೇ ಸ್ವರದಲ್ಲಿ ಊರೆಲ್ಲ ಹೇಳಿದೆ. ಒಂದು ಪದಕ್ಕೆ ಎರಡು ಅರ್ಥ ಇರಬಹುದು ಎಂದು ತಿಳಿಯದವರ ಬಗ್ಗೆ ನನಗೆ ಆಗ ಬಹಳ ಕನಿಕರವಿತ್ತು.

ಬೊಂಡಕ್ಕೂ ಕಾಯಿಗೂ ನಡುವಿನದ್ದಕ್ಕೆ ಬನ್ನಂಗಾಯಿ ಎನ್ನುತ್ತಾರೆ. ನೀರು ಸ್ವಲ್ಪ ಕಡಿಮೆ, ತಿರುಳು ಬೆರಳಲ್ಲಿ ಎಬ್ಬಿಸಬಹುದಾದಷ್ಟು ದಪ್ಪ. ಆದರೆ ಅದನ್ನು ಯಾರೂ ಮಾರುವುದಿಲ್ಲ. ಮರದವನು ಅದನ್ನು ಕೊಯ್ಯುವುದಿಲ್ಲ, ಎರಡು ತಿಂಗಳು ಬಿಟ್ಟರೆ ಒಳ್ಳೆಯ ಕಾಯಿ ಆಗುತ್ತದೆ. ಅಂಗಡಿಯವನು ಅದನ್ನು ಇಡುವುದಿಲ್ಲ, ಗಿರಾಕಿಗೆ ಬೇಕಾದದ್ದು ನೀರು. ಮಾರುಕಟ್ಟೆಗೆ ಬರುವುದು ಕಣ್ತಪ್ಪಿ ಕೊಯ್ದದ್ದು ಮಾತ್ರ.

ಆ ಕಣ್ತಪ್ಪುಗಳನ್ನು ನಾನು ಹುಡುಕಿದೆ. ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಬೊಂಡ ಮಾರುವ ಇಬ್ರಾಹಿಂ ಖಲೀಲ್ ಪುಂಜಾಲಕಟ್ಟೆಯವನು. ಕತ್ತಿಯ ಹಿಂಭಾಗದಿಂದ ಒಮ್ಮೆ ಬಡಿದು, ಸದ್ದು ಕೇಳಿ, ಒಳಗೆ ಏನಿದೆ ಎಂದು ಹೇಳುತ್ತಿದ್ದ. ಬನ್ನಂಗಾಯಿ ಸಿಕ್ಕಿದರೆ ಗೋಣಿಯ ಹಿಂದಕ್ಕೆ ಎಸೆಯುತ್ತಿದ್ದ.

“ಅದು ನನಗೆ ಬೇಕು” ಎಂದೆ.

ಖಲೀಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಟೀಚರೇ, ಇದನ್ನು ಗಿರಾಕಿಗೆ ಕೊಟ್ರೆ ನನಗೆ ಬೈಗುಳ. ನೀವು ಕೇಳಿ ತಗೊಳ್ತೀರಿ. ನಿಮ್ಮದು ಎಂಥ ಕತೆ ಮಾರಾಯ್ರೆ?”

“ಫ್ರೆಂಡಿಗೆ. ಹಸಿ ತಿನ್ನುವ ವ್ರತ.”

“ಪಾಪ. ಎಂಥ ತಪ್ಪು ಮಾಡಿದ್ದು ಅವರು?”

ಅವನ ಹತ್ತಿರ ನಿಂತು ನಾನು ಮೂರು ಸದ್ದುಗಳನ್ನು ಕಲಿತೆ. ಎಳೆಯದ್ದು ‘ದುಬ್’ ಎಂದು ಹೊಟ್ಟೆ ತುಂಬಿದವನ ಹಾಗೆ. ಬಲಿತದ್ದು ‘ಟಣ್’ ಎಂದು ಸಾಲ ಕೇಳಿದರೆ ಉತ್ತರಿಸುವವನ ಹಾಗೆ. ಬನ್ನಂಗಾಯಿಯದ್ದು ನಡುವೆ, ‘ಟೊಬ್’. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಸರಿಯಾಗಿ ಬರುತ್ತದೆ. ಮರುದಿನ ಊಟದ ಹೊತ್ತಿಗೆ ನಾನು ಮೂರನ್ನೂ ಬಾಯಲ್ಲಿ ಮಾಡಿ ತೋರಿಸಿದೆ. ಭವ್ಯಶ್ರೀಗೆ ಜಗಿಯುವುದು ಮರೆತು ನಗು ಬಂತು, ಕೆಮ್ಮು ಬಂತು. ಬೆನ್ನು ತಟ್ಟುತ್ತ ನಾನು ಅಂದುಕೊಂಡೆ, ನಲವತ್ತೆಂಟು ದಿನ ತಾನೇ, ಕಳೆಯುತ್ತದೆ.

ಹನ್ನೆರಡನೆಯ ದಿನ ಮೋಕ್ಷಿತಾ ಬಂದಳು.

ಮೋಕ್ಷಿತಾ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಭೌತಶಾಸ್ತ್ರದ ಉಪನ್ಯಾಸಕಿ. ಅಳದಂಗಡಿಯವಳು. ವಯಸ್ಸು ಇಪ್ಪತ್ತಾರು, ಮನೆಯಲ್ಲಿ ತೆಂಗಿನ ಮರ ಇನ್ನೂರು. ಗುರುವಾಯನಕೆರೆಯಲ್ಲಿ ಅವಳೂ ಭವ್ಯಶ್ರೀಯೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಸೇರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆ ಬಸ್ಸಿನಲ್ಲಿ ಏನು ಮಾತಾಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಆ ದಿನ ಅವಳು ಬಟ್ಟೆಚೀಲ ಮೇಜಿನ ಮೇಲಿಟ್ಟು ಹೇಳಿದಳು, “ಭವ್ಯಕ್ಕಾ, ವಾರಕ್ಕೆ ಆಗುವಷ್ಟು ಬನ್ನಂಗಾಯಿ. ನಮ್ಮ ಮರ ಹತ್ತುವ ಹುಕ್ರಪ್ಪಣ್ಣ ನಿಮಗೆ ಅಂತಲೇ ಕೊಯ್ದದ್ದು.”

ಆರು ಕಾಯಿಗಳು. ಸಿಪ್ಪೆ ಸವರಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಯಾವ ದಿನ ಒಡೆಯಬೇಕೆಂಬ ತಾರೀಖು ಬರೆದಿತ್ತು. ಅವಳು ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡು, ಕಾಯಿಗೆ ಬಡಿದ ಸದ್ದಿನ ಕಂಪನ ಅಳೆಯುತ್ತಿದ್ದಳಂತೆ. ಎಷ್ಟು ಬಲಿತಿದೆ ಎಂದು ಸಂಖ್ಯೆಯಲ್ಲೇ ಬರುತ್ತದಂತೆ.

“ಸಾತ್ವಿಕಾ ಮೇಡಂ ಬಾಯಲ್ಲೇ ಮಾಡ್ತಾರಂತೆ. ಒಮ್ಮೆ ಮಾಡಿ ಮೇಡಂ, ಆ್ಯಪ್ ಎಂಥ ಹೇಳ್ತದೆ ನೋಡುವ” ಎಂದು ಫೋನನ್ನು ನನ್ನ ಬಾಯಿಗೆ ಹಿಡಿದಳು.

ನಾನು ‘ಟೊಬ್’ ಎಂದೆ. ಆ್ಯಪ್ ಏನೋ ಒಂದು ಸಂಖ್ಯೆ ತೋರಿಸಿತು. ಮೋಕ್ಷಿತಾ ಅದನ್ನು ನೋಡಿ, “ಸ್ವಲ್ಪ ಬಲಿತಿದೆ” ಎಂದಳು. ಭವ್ಯಶ್ರೀ ನಕ್ಕಳು. ಕೆಮ್ಮಲಿಲ್ಲ. ನನ್ನ ಮಾತಿಗಲ್ಲದೆ ಅವಳು ನಕ್ಕದ್ದು ಆ ಮೇಜಿನಲ್ಲಿ ಅದೇ ಮೊದಲು.

ಆ ಸಂಜೆ ಖಲೀಲ್ ನನಗಾಗಿ ಎತ್ತಿಟ್ಟ ಎರಡು ಕಾಯಿಗಳನ್ನು ನಾನು ಮನೆಗೆ ಒಯ್ದು ಅಮ್ಮನಿಗೆ ಕೊಟ್ಟೆ. ಮೋಕ್ಷಿತಾಳದ್ದು ಆರ್ಡರ್ ಮಾಡಿ ಕೊಯ್ಸಿದ್ದು, ನನ್ನದು ಅಂಗಡಿಯವನು ಎಸೆದದ್ದು. ಕಾಯಿ ಹಿಡಿದು ಕಾಯುವವಳಿಗೂ ಕಾಯಿಯ ಮರವನ್ನೇ ಹೊಂದಿದವಳಿಗೂ ಏನು ಪೈಪೋಟಿ. ಭವ್ಯಶ್ರೀ ದಿನವೂ ತುರಿಯುತ್ತಿದ್ದಳು, ತುರಿಕೆ ನನಗೆ.

ಹತ್ತೊಂಬತ್ತನೆಯ ದಿನ ನನ್ನ ಹುಟ್ಟುಹಬ್ಬ. ಪ್ರತಿವರ್ಷ ಅಮ್ಮ ಹೆಸರುಬೇಳೆ ಪಾಯಸ ಮಾಡಿ ಇಬ್ಬರಿಗೆ ಅಂತಲೇ ಕಳಿಸುತ್ತಾಳೆ.

“ಒಂದು ಚಮಚ” ಎಂದೆ.

“ಬೆಂದದ್ದಲ್ವಾ ಮಾರಾಯ್ತಿ. ವಾಸನೆ ತಗೊಳ್ತೇನೆ, ಆಗದಾ?” ಎಂದು ಮುಚ್ಚಳ ತೆರೆದು, ಕಣ್ಣು ಮುಚ್ಚಿ ಮೂಸಿ, ಡಬ್ಬಿ ಹಿಂದೆ ಕೊಟ್ಟಳು. ನನಗೆ ಬೇಸರವಾಯಿತು, ಸಿಟ್ಟು ಬರಲಿಲ್ಲ. ವ್ರತವೆಂದರೆ ವ್ರತ. ಅವಳು ಅಮ್ಮನ ಪಾಯಸಕ್ಕೇ ಮುರಿಯದ್ದನ್ನು ಇನ್ಯಾವುದಕ್ಕೂ ಮುರಿಯುವವಳಲ್ಲ ಎಂಬ ಒಂದು ಹೆಮ್ಮೆಯೂ ಇತ್ತು. ಇಬ್ಬರ ಪಾಲನ್ನೂ ನಾನೇ ಕುಡಿದೆ.

ತಿಂಗಳು ಕಳೆಯಿತು. ತಲೆನೋವು ಎರಡೇ ಸಲ ಬಂದಿತಂತೆ. ಅದು ತೆಂಗಿನಿಂದಲೋ ಕಾಕತಾಳೀಯದ ತಾಳೆಯಿಂದಲೋ ಯಾರಿಗೆ ಗೊತ್ತು. ಆದರೆ ಭವ್ಯಶ್ರೀಯ ಬಾಯಲ್ಲಿ ಮೋಕ್ಷಿತಾಳ ಹೆಸರು ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು. ಮೋಕ್ಷಿತಾ ಹೇಳಿದಳು, ಕಾಯಿಹಾಲಿಗೆ ನಿಂಬೆರಸ ಬೆರೆಸಿದರೆ ಮೊಸರಿನ ಹಾಗೆ ಗಟ್ಟಿಯಾಗ್ತದಂತೆ. ಮೋಕ್ಷಿತಾ ಹೇಳಿದಳು, ತಿರುಳನ್ನು ಉದ್ದಕ್ಕೆ ಸೀಳಿದರೆ ಶ್ಯಾವಿಗೆಯ ಹಾಗೆ ಇರ್ತದಂತೆ. ನಾನು ರಾತ್ರಿ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮೋಕ್ಷಿತಾಳ ಸ್ವರವನ್ನು ಹಿಡಿಯಲು ನೋಡಿದೆ. ಸಿಗಲಿಲ್ಲ. ಯಾವ ಕೊಂಕೂ ಇಲ್ಲದ ಸಾದಾ ಸ್ವರ. ಹಿಡಿಯಲು ಒಂದು ಹಿಡಿ ಬೇಕಲ್ಲ.

ಮೂವತ್ತೆಂಟನೆಯ ದಿನ ಶನಿವಾರ. ಬೆಳಿಗ್ಗೆ ಕೈತೊಳೆಯುವ ನಳ್ಳಿಯ ಹತ್ತಿರ ಮೋಕ್ಷಿತಾ ಸಿಕ್ಕಿದಳು.

“ಸಾತ್ವಿಕಾ ಮೇಡಂ, ನಿನ್ನೆ ಸಂಜೆ ಭವ್ಯಕ್ಕ ನಮ್ಮ ಮನೆಗೆ ಬಂದಿದ್ರು. ಎರಡು ಬಟ್ಟಲು ಗಂಜಿ ತಿಂದ್ರು ಗೊತ್ತುಂಟಾ. ಅಮ್ಮನಿಗೆ ಖುಷಿಯೋ ಖುಷಿ.”

ನಳ್ಳಿ ತೆರೆದೇ ಇತ್ತು. ನನ್ನ ಕಣ್ಣ ಮುಂದೆ ಕುಚ್ಚಲಕ್ಕಿ ಗಂಜಿ ಬಂತು. ಹಬೆ, ಮೇಲೆ ಒಂದು ಚಮಚ ತುಪ್ಪ, ಬದಿಯಲ್ಲಿ ಮಾವಿನಮಿಡಿ, ಸುಟ್ಟ ಮೆಣಸಿನ ಚಟ್ನಿ. ಇಳಿಸಂಜೆ ಅಳದಂಗಡಿಯ ಜಗಲಿಯಲ್ಲಿ ಕುಳಿತು ಭವ್ಯಶ್ರೀ ಸುರ್ರೆಂದು ಉಣ್ಣುತ್ತಿದ್ದಾಳೆ. ಒಂದಲ್ಲ, ಎರಡು ಬಟ್ಟಲು. ನನ್ನ ಅಮ್ಮನ ಪಾಯಸಕ್ಕೆ ಮೂಗು ಮಾತ್ರ ಕೊಟ್ಟವಳು.

ಸ್ಟಾಫ್ ರೂಮಿಗೆ ಹೋಗಿ ಅವಳನ್ನು ಕೇಳಿದೆ. “ನಿನ್ನೆ ಸಂಜೆ ಎಲ್ಲಿದ್ದಿ? ಫೋನು ಎತ್ತಲಿಲ್ಲ.”

“ಮನೆಯಲ್ಲೇ ಮಾರಾಯ್ತಿ. ಎಲ್ಲಿಗೆ ಹೋಗ್ಲಿಕ್ಕೆ” ಎಂದಳು, ಉತ್ತರಪತ್ರಿಕೆಯಿಂದ ತಲೆ ಎತ್ತದೆ.

ಈಗ ನಿಜ ಹೇಳಬೇಕು. ಆ ಕ್ಷಣ ನನಗೆ ನೋವಾಯಿತು ಎಂದರೆ ಅರ್ಧ ಮಾತು. ಮಿಕ್ಕರ್ಧ ಸಂತೋಷ. ಐದು ವಾರಗಳಿಂದ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದಕ್ಕೆ ಹೆಸರು ಅಸೂಯೆ ಎಂದು ನನಗೆ ಗೊತ್ತಿತ್ತು, ಅದಕ್ಕಾಗಿ ನಾಚಿಕೆಯೂ ಇತ್ತು. ಈಗ ನಾಚಬೇಕಾದವಳು ಅವಳು. ಸುಳ್ಳು ಹೇಳಿದವಳು ಅವಳು. ನನ್ನ ಉರಿಗೆ ಒಂದು ನ್ಯಾಯ ಸಿಕ್ಕಿತು.

ಮಧ್ಯಾಹ್ನ ಎಲ್ಲರೂ ಪರೀಕ್ಷಾ ಡ್ಯೂಟಿಯ ಪಟ್ಟಿಗೆ ಕಾಯುತ್ತಿದ್ದರು. ಶಂಭು ಸರ್ ಆಕಳಿಸಿ ಹೇಳಿದರು, “ಸಾತ್ವಿಕಾ ಮೇಡಂ, ಪಟ್ಟಿ ಬರುವಷ್ಟರಲ್ಲಿ ಒಂದು ಐಟಂ ಆಗ್ಲಿ.”

“ಯಾರದ್ದು ಬೇಕು?”

“ನಮಗೆ ಹೊಸದು ಬೇಕು. ಪ್ರಿನ್ಸಿಪಾಲ್ರದ್ದು ಕೇಳಿ ಕೇಳಿ ನಾವೇ ಶಿಸ್ತಿನವರಾಗಿದ್ದೇವೆ.”

ಏಳು ವರ್ಷಗಳಲ್ಲಿ ನಾನು ಆ ಕೋಣೆಯ ಎಲ್ಲರನ್ನೂ ಮಾಡಿದ್ದೆ, ಭವ್ಯಶ್ರೀಯೊಬ್ಬಳನ್ನು ಬಿಟ್ಟು. ಬರುತ್ತಿರಲಿಲ್ಲ ಎಂದಲ್ಲ. ಅವಳು ಇಲ್ಲ ಎನ್ನುವ ಮೊದಲು ಮೂಗಿನಿಂದ ಒಂದು ಸಣ್ಣ ಉಸಿರು ಎಳೆಯುತ್ತಾಳೆ. ‘ಮಾರಾಯ್ತಿ’ಯ ‘ರಾ’ವನ್ನು ಒಂದು ಗೇಣು ಉದ್ದ ಮಾಡುತ್ತಾಳೆ. ಅಂಗೈಯನ್ನು ಎದೆಗೆ ಇಡುತ್ತಾಳೆ. ಎಲ್ಲವೂ ನನ್ನಲ್ಲಿ ಬೀಗ ಹಾಕಿ ಇತ್ತು. ಬೀಗ ತೆಗೆದೆ.

ಅಂಗೈ ಎದೆಗಿಟ್ಟು, ಉಸಿರೆಳೆದು, “ನನಗೆ ಬೇಯಿಸಿದ್ದು ಮೂಸಿದರೂ ತಲೆ ಸಿಡೀತದೆ ಮಾರಾ…ಯ್ತಿ” ಎಂದೆ.

ಕೋಣೆ ಒಂದು ಕ್ಷಣ ಬೆರಗಾಗಿ, ಆಮೇಲೆ ನಕ್ಕಿತು. ಕಿಟಕಿ ಬದಿಯಲ್ಲಿದ್ದ ಭವ್ಯಶ್ರೀಯೂ ನಗುತ್ತಲೇ ತಲೆ ಎತ್ತಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಆಚೀಚೆ ಕಳ್ಳನೋಟ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿ, ಅದೇ ಸ್ವರವನ್ನು ಪಿಸುಮಾತಿಗೆ ಇಳಿಸಿದೆ. “ಮೋಕ್ಷಿತಾ, ಇನ್ನೊಂದು ಸೌಟು ಹಾಕು. ಕುಚ್ಚಲಕ್ಕಿದಲ್ವಾ? ಉಪ್ಪಿನಕಾಯಿ ಉಂಟಾ? ಸಾತ್ವಿಕಾಳಿಗೆ ಹೇಳ್ಬೇಡ ಆಯ್ತಾ.” ಆಮೇಲೆ ಗಂಜಿ ಸುರಿದುಕೊಳ್ಳುವ ಸದ್ದು. ಅದು ನನಗೆ ಬಹಳ ಚೆನ್ನಾಗಿ ಬರುತ್ತದೆ.

ಶಂಭು ಸರ್ ಮೇಜು ತಟ್ಟಿ ನಕ್ಕರು. “ಹೋ, ಹಾಗಾದರೆ ವ್ರತ ಗಂಜಿಯಲ್ಲಿ ಕರಗಿತು.”

ಭವ್ಯಶ್ರೀಯ ನಗು ನಿಂತಿತ್ತು. ಅವಳು ನನ್ನನ್ನು ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಹೆಚ್ಚು ಬಾಕಿ ಬಂದ ಲೆಕ್ಕವನ್ನು ಮತ್ತೆ ಮೊದಲಿಂದ ನೋಡುವವರ ಮುಖ.

ಬಾಗಿಲಲ್ಲಿ ಮೋಕ್ಷಿತಾ ನಿಂತಿದ್ದಳು, ಕೈಯಲ್ಲಿ ಸೀಮೆಸುಣ್ಣ. “ಯಾವ ಕುಚ್ಚಲಕ್ಕಿ ಮೇಡಂ? ನಾನು ಹೇಳಿದ್ದು ಬನ್ನಂಗಾಯಿಯ ಗಂಜಿ ಅಲ್ವಾ.”

ಬೊಂಡದ ಒಳಗಿನ ಮೆತ್ತನೆಯ ತಿರುಳಿಗೆ ನಮ್ಮಲ್ಲಿ ಗಂಜಿ ಎಂದೇ ಹೇಳುವುದು. ಖಲೀಲ್ ದಿನಕ್ಕೆ ನೂರು ಸಲ ಗಿರಾಕಿಗಳನ್ನು ಕೇಳುತ್ತಾನೆ, ನೀರು ಬೇಕಾ, ಗಂಜಿ ಬೇಕಾ ಎಂದು. ನಾನು ಹುಟ್ಟಿದಂದಿನಿಂದ ಕೇಳಿದ ಮಾತು. ಇನ್ನೂ ಒಂದಿದೆ. ಅನ್ನದ ಗಂಜಿಯನ್ನು ಉಣ್ಣುತ್ತಾರೆ, ತೆಂಗಿನ ಗಂಜಿಯನ್ನು ತಿನ್ನುತ್ತಾರೆ. ಮೋಕ್ಷಿತಾ ‘ತಿಂದ್ರು’ ಎಂದೇ ಹೇಳಿದ್ದಳು. ಕ್ರಿಯಾಪದ ತಪ್ಪಿದರೆ ಮಕ್ಕಳ ಅರ್ಧ ಅಂಕ ಕತ್ತರಿಸುವ ನಾನು, ಒಂದು ಪದದಲ್ಲಿ ಎರಡು ಅರ್ಥ ಕಂಡರೆ ಬಸ್ಸು ತಪ್ಪಿಸಿಕೊಂಡಾದರೂ ಯಾರಿಗಾದರೂ ಹೇಳಿ ಬರುವ ನಾನು, ನನಗೆ ಬೇಕಾದ ಅರ್ಥವನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಕೋಣೆ ಈಗ ನನ್ನನ್ನು ನೋಡಿ ನಕ್ಕಿತು. ಭವ್ಯಶ್ರೀ ಡಬ್ಬಿ ಮುಚ್ಚಿ, ಚೀಲಕ್ಕೆ ಹಾಕಿ, ನನ್ನ ಬದಿಯಿಂದಲೇ ಹೊರಗೆ ಹೋದಳು.

ಸೋಮವಾರ ಕಿಟಕಿ ಬದಿಯ ಮೇಜಿನಲ್ಲಿ ನಾನೊಬ್ಬಳೇ. ಭವ್ಯಶ್ರೀ ಮೋಕ್ಷಿತಾಳ ಜೊತೆ ಫಿಸಿಕ್ಸ್ ಲ್ಯಾಬಿನ ಹಿಂದಿನ ಮೆಟ್ಟಿಲಿನಲ್ಲಿ ಕುಳಿತು ತಿನ್ನುತ್ತಿದ್ದಳು. ಯಾವುದು ಆಗಬಾರದೆಂದು ನಾನು ಇಪ್ಪತ್ತಾರು ದಿನ ಉರಿದೆನೋ ಅದನ್ನು ನಾನೇ ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ್ದೆ. ಬುಧವಾರದ ಹೊತ್ತಿಗೆ ಶಂಭು ಸರ್ ಭವ್ಯಶ್ರೀಯನ್ನು ಹುಡುಕುತ್ತ, “ಗಂಜಿ ಮೇಡಂ ಎಲ್ಲಿ, ಸಹಿ ಬೇಕಿತ್ತು” ಎಂದು ಕೇಳತೊಡಗಿದರು. ಗುರುವಾರ ಕಾರಿಡಾರಿನಲ್ಲಿ ಯಾರೋ ಮಕ್ಕಳು ‘ಮಾರಾ…ಯ್ತಿ’ ಎಂದು ಎಳೆದರು. ನಾನು ಎಳೆದ ಹಾಗೆಯೇ ಎಳೆದರು. ನಾನು ಕ್ಷಮಿಸು ಎಂದು ಕಳಿಸಿದ ಮೂರು ಮೆಸೇಜಿಗೂ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಊಟದ ಹೊತ್ತಿನಲ್ಲಿ ಲ್ಯಾಬಿನ ಹಿಂದಿನಿಂದ ಒಮ್ಮೊಮ್ಮೆ ನಗು ಕೇಳುತ್ತಿತ್ತು. ಒಂದು ದಿನ ಕೆಮ್ಮೂ ಕೇಳಿತು. ಆ ದಿನ ನಾನು ಬುತ್ತಿ ಪೂರ್ತಿ ಮಾಡಲಿಲ್ಲ.

ಭಾನುವಾರ ಸ್ಕೂಟರ್ ತೆಗೆದು ಬೆಳ್ತಂಗಡಿಗೆ ಹೊರಟೆ. ಬರಿಗೈಯಲ್ಲಿ ಹೋಗುವ ಧೈರ್ಯವಿರಲಿಲ್ಲ. ಪುಂಜಾಲಕಟ್ಟೆಯಲ್ಲಿ ಖಲೀಲನ ಮನೆಯ ಅಂಗಳಕ್ಕೆ ಹೋದೆ. ಅವನು ನಾಳೆಯ ಗೊನೆಗಳನ್ನು ವಿಂಗಡಿಸುತ್ತಿದ್ದ.

“ಟೀಚರೇ, ನೀವು ನನ್ನನ್ನು ಬಿಟ್ಟು ಬೇರೆ ಅಂಗಡಿ ಹಿಡಿದ್ರಿ ಅಂತ ಗ್ರಹಿಸಿದೆ. ಎಷ್ಟು ಬನ್ನಂಗಾಯಿ ದನಕ್ಕೆ ಹಾಕಿದೆ ಗೊತ್ತುಂಟಾ?”

“ಇವತ್ತು ಒಳ್ಳೆಯದ್ದು ಎರಡು ಕೊಡು. ಎಸೆದದ್ದು ಬೇಡ. ನೋಡಿ ಆರಿಸಿದ್ದು ಬೇಕು.”

“ಬನ್ನಂಗಾಯಿಯಲ್ಲಿ ಆರಿಸ್ಲಿಕ್ಕೆ ಎಂಥ ಉಂಟು ಮಾರಾಯ್ರೆ” ಎನ್ನುತ್ತಲೇ ಹತ್ತಕ್ಕೆ ಬಡಿದು ಎರಡನ್ನು ಬದಿಗಿಟ್ಟ. “ಯಾರಾದ್ರೂ ಸಿಟ್ಟಾಗಿದ್ದಾರಾ?”

“ಹೇಗೆ ಗೊತ್ತು?”

“ಇಷ್ಟು ಹೊತ್ತು ನೀವು ಒಂದು ಸಲವೂ ನನ್ನ ಹಾಗೆ ಮಾತಾಡ್ಲಿಲ್ಲ.”

ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಕ್ಷಮೆ ಕೇಳುವ ಅಭ್ಯಾಸ ಮಾಡಿದೆ. ಪ್ರಾಂಶುಪಾಲರ ಸ್ವರದಲ್ಲಿ ಕೇಳಿದರೆ ನಗಬಹುದು. ಶಂಭು ಸರ್ ಹೆಂಡತಿಗೆ ಕೇಳುವ ಹಾಗೆ ಕೇಳಿದರೆ ಖಂಡಿತ ನಗುತ್ತಾಳೆ. ಗುರುವಾಯನಕೆರೆ ದಾಟುವಷ್ಟರಲ್ಲಿ ಏಳೆಂಟು ಬಗೆಯ ಕ್ಷಮೆಗಳು ಸಿದ್ಧವಾಗಿದ್ದವು.

ಬಾಗಿಲು ತೆರೆದದ್ದು ಭವ್ಯಶ್ರೀಯ ಅತ್ತೆ ಪೂವಮ್ಮ. ಅವರಿಗೆ ನನ್ನನ್ನು ಕಂಡರೆ ಹಬ್ಬ. “ಬಾ ಮಗಾ ಬಾ. ಎಷ್ಟು ಸಮಯ ಆಯ್ತು. ಕೂತ್ಕೋ, ಆ ಕಂಡಕ್ಟರನದ್ದು ಒಮ್ಮೆ ಮಾಡು.”

“ಆಮೇಲೆ ಮಾಡ್ತೇನೆ ಅತ್ತೆ. ಭವ್ಯ ಇದ್ದಾಳಾ?”

ಅವಳು ಒಳಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತುರಿಮಣೆ. “ಈಗಲೇ ಮಾಡ್ಲಿ ಅತ್ತೆ. ಅವಳಿಗೆ ಈಗ ನನ್ನದೂ ಬರ್ತದೆ. ಅದು ಮಾಡು.”

“ಭವ್ಯಾ…”

“ಅಲ್ಲ, ಮಾಡು. ಕಾಲೇಜು ಪೂರ್ತಿ ಕೇಳಿದೆ. ಅತ್ತೆಯೊಬ್ಬರು ಬಾಕಿ.”

ಪೂವಮ್ಮ ಆಸೆಯಿಂದ ನೋಡುತ್ತಿದ್ದರು. ನಾನು ಅಂಗೈ ಎದೆಗಿಟ್ಟೆ. ಉಸಿರೆಳೆದೆ. ಅವಳ ಸ್ವರದಲ್ಲಿ ನನ್ನ ಒಳಗಿದ್ದದ್ದು ಬಾಯಿಗೆ ಬಂತು. “ಸಾತ್ವಿಕಾ, ನಾಳೆ ಮಧ್ಯಾಹ್ನ ನಮ್ಮ ಒಟ್ಟಿಗೆ ಕೂತ್ಕೋ ಮಾರಾ…ಯ್ತಿ.”

“ಅಯ್ಯೋ, ಭವ್ಯನೇ” ಎಂದು ಪೂವಮ್ಮ ಕೈತಟ್ಟಿದರು.

“ಸ್ವರ ನನ್ನದೇ. ಮಾತು ನನ್ನದಲ್ಲ” ಎಂದಳು ಭವ್ಯಶ್ರೀ. “ನಾನು ಹಾಗೆ ಹೇಳ್ಲಿಲ್ಲ.”

ಪೂವಮ್ಮ ನಮ್ಮಿಬ್ಬರ ಮುಖ ನೋಡಿ, ಚಹಾ ಇಡುತ್ತೇನೆಂದು ಒಳಗೆ ಹೋದರು. ನಾವು ಜಗಲಿಯ ಎರಡು ತುದಿಗಳಲ್ಲಿ ಕುಳಿತೆವು. ನಡುವೆ ಎರಡು ಬನ್ನಂಗಾಯಿ.

“ನಾನು ಅಲ್ಲಿಗೆ ಹೋದದ್ದನ್ನು ನಿನಗೆ ಹೇಳದೆ ಇದ್ದದ್ದು ತಪ್ಪು” ಎಂದಳು. “ಮನೆಯಲ್ಲೇ ಇದ್ದೆ ಅಂದದ್ದು ಸುಳ್ಳು. ಯಾಕೆ ಹೇಳಿದೆ ಗೊತ್ತುಂಟಾ? ಅವಳ ಹೆಸರು ಎತ್ತಿದರೆ ನಿನ್ನ ಮುಖ ಎಂಥದೋ ಆಗ್ತದೆ. ನಿನಗೆ ಬೇಸರ ಆಗಬಾರದು ಅಂತ ಒಂದು ಸುಳ್ಳು. ಆದರೆ ವ್ರತ ಮುರಿದು ನಿನಗೆ ಟೋಪಿ ಹಾಕುವವಳು ನಾನು ಅಂತ ನೀನು ನಂಬಿದ್ದಿ. ಒಂದು ಮಾತು ಕೇಳ್ಲಿಲ್ಲ. ಯಾಕೆ?”

ಹೆಲ್ಮೆಟ್ಟಿನೊಳಗೆ ಸಿದ್ಧವಾದ ಕ್ಷಮೆಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ.

“ನಂಬ್ಲಿಕ್ಕೆ ಖುಷಿಯಾಯ್ತು” ಎಂದೆ.

“ಎಂಥ?”

“ನೀನು ತಪ್ಪು ಮಾಡಿದ್ದಿ ಅಂತ ಗೊತ್ತಾದಾಗ ಖುಷಿಯಾಯ್ತು. ಅವಳ ಮರ, ಅವಳ ಬಸ್ಸು, ಅವಳ ಆ್ಯಪ್. ನನ್ನತ್ರ ಇದ್ದದ್ದು ಬಾಯಿ ಮಾತ್ರ. ನೀನು ಅದಕ್ಕೂ ನಗುವುದು ಬಿಟ್ಟೆ. ಮತ್ತೆ ಅವಳು ಕೆಟ್ಟವಳಾದರೂ ಆಗಿದ್ದರೆ. ಅದೂ ಅಲ್ಲ.”

ಭವ್ಯಶ್ರೀ ತುರಿಮಣೆಯ ಹಲ್ಲಿನಲ್ಲಿ ಸಿಕ್ಕಿದ ಕಾಯಿಯ ನಾರನ್ನು ಬಿಡಿಸಿದಳು.

“ನನಗೆ ಅವಳೂ ಬೇಕು” ಎಂದಳು. “ನಿನ್ನ ಬದಲಿಗೆ ಅಲ್ಲ. ಅದು ನಿನಗೆ ಆಗ್ತದಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದದ್ದು ನಿನ್ನದೇ ಸ್ವರ ಅಲ್ವಾ?”

“ಹೌದು.”

“ಹಾಗಾದರೆ ಸರಿ. ಆದರೆ ಆ ಮೆಟ್ಟಿಲು ನನ್ನದಲ್ಲ. ನನಗೆ ಕೂತ್ಕೊಳ್ಳಲಿಕ್ಕೆ ಜಾಗ ಇಲ್ಲದೆ ಹೋದಾಗ ಅವಳು ಕೊಟ್ಟದ್ದು. ನಿನಗೆ ಬರಬೇಕಾದರೆ ಅವಳನ್ನು ಕೇಳು. ನನ್ನ ಬಾಯಲ್ಲಿ ಅಲ್ಲ.”

ಸೋಮವಾರ, ಅವಳ ನಲವತ್ತೇಳನೆಯ ದಿನ, ಒಂದು ಗಂಟೆಗೆ ನಾನು ಲ್ಯಾಬಿನ ಹಿಂದಕ್ಕೆ ಹೋದೆ. ಇಬ್ಬರೂ ಕುಳಿತಿದ್ದರು. ಭವ್ಯಶ್ರೀ ಮುಳ್ಳುಸೌತೆ ಕಚ್ಚಿದಳು. ಸಹಾಯ ಮಾಡುವುದಿಲ್ಲ ಎಂದು ಅವಳು ನಿಶ್ಚಯಿಸಿದ್ದಳು.

“ಮೋಕ್ಷಿತಾ” ಎಂದೆ. “ಅವತ್ತು ನಿನ್ನ ಹೆಸರನ್ನೂ ಎಳೆದು ತಂದೆ. ತಪ್ಪಾಯ್ತು. ನಾನೂ ಇಲ್ಲಿ ಕೂತ್ಕೊಳ್ಳಬಹುದಾ?”

“ಕೂತ್ಕೊಳ್ಳಿ ಮೇಡಂ, ಅದಕ್ಕೆ ಎಂಥ ಕೇಳುವುದು” ಎಂದು ಅವಳು ತನ್ನ ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡು ಜಾಗ ಬಿಟ್ಟಳು. ಅವಳ ಮುಖದಲ್ಲಿ ನಾನು ಹುಡುಕಿದ ಗೆಲುವು ಎಲ್ಲಿಯೂ ಕಾಣಲಿಲ್ಲ. ಕಂಡಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ನಾನು ಹಿಂದಿನ ದಿನ ಒಯ್ದ ಬನ್ನಂಗಾಯಿಗಳಲ್ಲಿ ಒಂದನ್ನು ಭವ್ಯಶ್ರೀ ತಂದಿದ್ದಳು. ಮೋಕ್ಷಿತಾ ಲ್ಯಾಬಿನ ಸುತ್ತಿಗೆಯಿಂದ ಸುತ್ತ ನಾಲ್ಕು ಪೆಟ್ಟು ಹಾಕಿದಳು. ಕಾಯಿ ಎರಡಾಯಿತು. ನಾವು ಮೂವರಿದ್ದೆವು. ಮೂವರೂ ಒಂದು ಕ್ಷಣ ಆ ಎರಡು ಹೋಳುಗಳನ್ನು ನೋಡಿದೆವು. ಮೋಕ್ಷಿತಾ ಒಂದನ್ನು ಭವ್ಯಶ್ರೀಗೆ, ಇನ್ನೊಂದನ್ನು ನನಗೆ ಕೊಟ್ಟು, ಕೈ ಒರೆಸಿಕೊಂಡು, ತನ್ನ ಡಬ್ಬಿಯ ಅನ್ನ ಸಾರು ಉಣ್ಣತೊಡಗಿದಳು.

ಅವಳು ಹಾಗೆ ಮಾಡಬಾರದಿತ್ತು. ಒಂದು ಹೋಳು ತಾನಿಟ್ಟುಕೊಂಡಿದ್ದರೆ ನನಗೆ ದೂರಲು ಏನಾದರೂ ಸಿಗುತ್ತಿತ್ತು.

ಬೆರಳಿನಿಂದ ಗಂಜಿ ಎಬ್ಬಿಸಿ ಬಾಯಿಗೆ ಹಾಕಿಕೊಂಡೆ. ತಂಪಾಗಿತ್ತು, ಸಿಹಿಯಾಗಿತ್ತು. ಭವ್ಯಶ್ರೀ ಕಣ್ಣು ಮುಚ್ಚಿ ಜಗಿಯುತ್ತಿದ್ದಳು. ಅವಳ ಹೋಳು ನನ್ನದಕ್ಕಿಂತ ಒಂದಿಷ್ಟು ದೊಡ್ಡದು. ಕೊಟ್ಟವಳು ಮೋಕ್ಷಿತಾ. ನಾನು ಅದನ್ನೂ ನೋಡಿದೆ. ನೋಡಿ, ನನ್ನ ಹೋಳನ್ನು ತಿಂದು ಮುಗಿಸಿದೆ.